ತೊರವಿಯ ಪಾಳುಗೋಡೆಗಳು ಬಲ್ಲ ಹಬಶಿ ಸೇನಾನಿ

ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ ಒಂದು ಅಪೂರ್ವ ಮೊಗಲ್ ಚಿತ್ರವಿದೆ. ಮೀನಿನ ಮೇಲೆ ಗೂಳಿ, ಗೂಳಿಯ ಮೇಲೆ ಭೂಗೋಳ, ಭೂಗೋಳದ ಮೇಲೆ ಬಿಲ್ಲು ಹೆದೆಯೇರಿಸಿ ನಿಂತ ಜಹಾಂಗೀರ್ ಬಾದಶಹ. ಎದುರಿಗೆ ಈಟಿಯ ತುದಿಗೆ ಸಿಕ್ಕಿಸಿದ ಕೃಷ್ಣವರ್ಣದ ಶಿರ, ಅದರ ನೆತ್ತಿಯ ಮೇಲೊಂದು ಗೂಬೆ. ಚಿತ್ರಕಾರ ಅಬುಲ್ ಹಸನ್. ಆದರೆ ಮಲಿಕ್ ಅಂಬರನ ಆ ಶಿರ ಬಾದಶಹನಿಗೆ ಎಂದೂ ದಕ್ಕಲಿಲ್ಲ! ಕುಂಚದಲ್ಲಷ್ಟೇ ಸಾಧ್ಯವಾದ ಈ ವಿಜಯಕ್ಕಿಂತ ದೊಡ್ಡ ಬಿರುದು ಅಂಬರನಿಗೆ ಬೇಕಿರಲಿಲ್ಲ.

ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಜನಿಸಿದ ಈ ಬಾಲಕನ ಹೆಸರು ಚಾಪು. ಗುಲಾಮರ ಸಂತೆಗಳಲ್ಲಿ ಕೈಯಿಂದ ಕೈಗೆ ಮಾರಾಟವಾಗಿ ಬಾಗ್ದಾದ್ ತಲುಪಿದ, ಅಲ್ಲಿ ಅಂಬರನಾದ. ದಖ್ಖನಿನಲ್ಲಿ ಅವನನ್ನು ಕೊಂಡವನು ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್. ಅವನೂ ಒಂದು ಕಾಲದ ಹಬಶಿ, ಅಂದರೆ ಇಥಿಯೋಪಿಯಾ ಮೂಲದ, ಗುಲಾಮನೇ. ಒಡೆಯ ಮಡಿದ ಮೇಲೆ ಬಿಡುಗಡೆ ಪಡೆದ ಅಂಬರ್ ನಮ್ಮ ವಿಜಯಪುರದ ಆದಿಲ್‌ಶಾಹಿಗೆ ಬಂದ. ಇಲ್ಲಿ ಕಳೆದ ಸರಿಸುಮಾರು ಇಪ್ಪತ್ತು ವರ್ಷಗಳೇ ಅವನನ್ನು ಪಳಗಿಸಿದವು. ‘ಮಲಿಕ್’ ಎಂಬ ಬಿರುದು ಕನ್ನಡ ನಾಡಿನ ಈ ಆಸ್ಥಾನದ ಕೊಡುಗೆ.

1595ರ ವೇಳೆಗೆ ಕೇವಲ 150 ಸವಾರರೊಡನೆ ಈ ಸೇವೆ ತೊರೆದು ಮರಳಿ ಅಹಮದ್‌ನಗರಕ್ಕೆ ಹೊರಟ. 1600ರಲ್ಲಿ ಅಹಮದ್‌ನಗರದ ಕೋಟೆ ಮೊಗಲರ ವಶವಾದಾಗ ಅಂಬರ್ ಸೋಲೊಪ್ಪಲಿಲ್ಲ. ಅಲ್ಲಿ ಆಳುತ್ತಿದ್ದ ನಿಜಾಮಶಾಹಿ ಮನೆತನದ ಯುವಕನೊಬ್ಬನನ್ನು ಪಟ್ಟಕ್ಕೇರಿಸಿ, ಮಗಳನ್ನು ಕೊಟ್ಟು ಮದುವೆ ಮಾಡಿ, ರಾಜ್ಯಭಾರವನ್ನೇ ಹೆಗಲಿಗೇರಿಸಿಕೊಂಡ. ಬಯಲಿನಲ್ಲಿ ಎದುರು ನಿಲ್ಲದೆ, ರಾತ್ರಿಯ ದಾಳಿಯಲ್ಲಿ ಶತ್ರುವಿನ ದವಸಧಾನ್ಯದ ದಾರಿಯನ್ನೇ ಕಡಿಯುವ ‘ಬರ್ಗಿಗಿರಿ’ಯಲ್ಲಿ ಹಬಶಿಯರೂ ಮರಾಠರೂ ಒಂದಾಗಿ ಹೋರಾಡಿದರು.

ಅದರ ಶಿಖರ 1624ರ ಭಾತವಡಿ ಕದನ. ಮೊಗಲರು ಮತ್ತು ವಿಜಯಪುರದವರ ಕೂಡುಪಡೆ ಬೀಡುಬಿಟ್ಟಿದ್ದಾಗ ಅಂಬರ್ ಕೆರೆಯ ಏರಿ ಒಡೆಸಿದ. ಕೆಸರಲ್ಲಿ ಹೂತ ಶಿಬಿರವನ್ನು ಅವನ ಕುದುರೆಪಡೆ ಧೂಳೀಪಟ ಮಾಡಿತು. ಮುಂದೆ ಬೆಂಗಳೂರನ್ನು ಜಹಗೀರಾಗಿ ಪಡೆದ ಷಹಾಜಿ ಭೋಸಲೆ ಅಂದು ಅಂಬರನ ಪಕ್ಷದಲ್ಲಿದ್ದ. ಆ ವಿಜಯದ ಬೆನ್ನಲ್ಲೇ, ಇಬ್ರಾಹಿಂ ಆದಿಲ್‌ಶಾಹ ನವರಸಗಳ ಹೆಸರಿನಲ್ಲಿ ಆಸೆಪಟ್ಟು ಕಟ್ಟಿಸಿದ್ದ ನೌರಸಪುರವನ್ನು ಅಂಬರನ ಸೈನ್ಯ ಸೂರೆಗೈದಿತು. ತನಗೆ ಬಿರುದಿತ್ತ ಆಸ್ಥಾನದ ಸುಲ್ತಾನನ ಕನಸಿನ ನಗರಿಯದು. ಮಹಾವೀರನ ಚರಿತ್ರೆಯಲ್ಲಿ ಮನಸ್ಸಿಗೆ ನೋವಾಗುವ ಪುಟವೆಂದರೆ ಇದೇ.

ಕೆಡವಿದ ಕೈಯೇ ಕಟ್ಟಿತ್ತು ಕೂಡ. 1610ರಲ್ಲಿ ಅವನು ಸ್ಥಾಪಿಸಿದ ಖಡಕಿಯೇ ಮುಂದೆ ಔರಂಗಾಬಾದ್ ಆಯಿತು. ನೆಲದಡಿಯ ಕಾಲುವೆಗಳಿಂದ ಆ ಒಣಭೂಮಿಗೆ ನೀರು ತಂದ ‘ನಹರ್-ಎ-ಅಂಬರಿ’ ಅವನ ಬುದ್ಧಿಕೌಶಲಕ್ಕೆ ಸಾಕ್ಷಿ. 1626ರಲ್ಲಿ, ಎಂಬತ್ತರ ಅಂಚಿನಲ್ಲಿ, ತೀರಿಕೊಂಡ. ಖುಲದಾಬಾದಿನಲ್ಲಿ ಅವನ ಗೋರಿಯಿದೆ.

ವಿಜಯಪುರಕ್ಕೆ ಪ್ರವಾಸ ಹೋದ ಮಕ್ಕಳು ಗೋಳಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿ ಕೇಳಿ ಹಿಂದಿರುಗುತ್ತಾರೆ. ಊರಿನಿಂದ ಪಶ್ಚಿಮಕ್ಕೆ ತುಸುದೂರದಲ್ಲೇ ತೊರವಿ, ಅಂಬರನ ಸೈನ್ಯ ಸೂರೆಗೈದ ಅದೇ ನೌರಸಪುರವಿದ್ದ ನೆಲ. ಹೊಲಗಳ ನಡುವೆ ಸಂಗೀತ ಮಹಲಿನ ಎತ್ತರದ ಕಮಾನು ಚಾವಣಿಯಿಲ್ಲದೆ ಆಕಾಶಕ್ಕೆ ತೆರೆದು ನಿಂತಿದೆ.