ಗೆದ್ದ ನಾಡಿನ ಕಾವಲು

ಪರರಾಜ್ಯವನ್ನು ಯುದ್ಧದಿಂದ ಗೆದ್ದುಕೊಂಡವನಿಗೆ ಮರುದಿನವೇ ಕೆಲವು ಪ್ರಶ್ನೆಗಳು ಎದುರಾಗುವುವು. ಸಂತೆಗೆ ಹೋಗುವ ದಾರಿಯಲ್ಲಿ ಕಳ್ಳರ ಭಯವನ್ನು ನೀಗಿಸತಕ್ಕವರು ಯಾರು? ಕೊಲೆಯಾದರೆ ಕೊಲೆಗಾರನನ್ನು ಹುಡುಕತಕ್ಕವರು ಯಾರು? ಹಳೆಯ ಅರಸನ ಆಳುಗಳು ಚದರಿಹೋಗಿರುತ್ತಾರೆ. ಹೊಸ ದೊರೆಯ ಕೈಯಲ್ಲಿರುವುದು ಸೈನ್ಯವೊಂದೇ. ಈ ಪ್ರಶ್ನೆಗಳಿಗೆ 1843ರಲ್ಲಿ ಸಿಂಧ್ ದೇಶದಲ್ಲಿ ದೊರೆತ ಉತ್ತರವು ಮುಂದೆ ಇಂಡಿಯಾ ದೇಶದಲ್ಲೆಲ್ಲಾ ಹರಡಿ, ಕನ್ನಡ ನಾಡಿನ ಠಾಣೆಗಳವರೆಗೂ ಬಂದಿತು. ಆದುದರಿಂದ ಆ ಸಂಗತಿಯನ್ನು ನಾವು ಸ್ವಲ್ಪ ವಿಚಾರಮಾಡಿ ನೋಡುವುದು ಯುಕ್ತವಾಗಿದೆ.

ಸಿಂಧೂ ನದಿಯ ಕೆಳಗಣ ಪ್ರದೇಶವಾದ ಸಿಂಧ್ ಆಗ ತಾಲ್ಪುರ್ ವಂಶದ ಅಮೀರರ ಆಳ್ವಿಕೆಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಸೈನ್ಯವನ್ನು ನಡೆಸಿದ ಸರ್ ಚಾರ್ಲ್ಸ್ ನೇಪಿಯರನು 1843ನೆಯ ಫೆಬ್ರವರಿ 17ರಂದು ಮಿಯಾನಿಯಲ್ಲಿಯೂ, ಮಾರ್ಚಿ 24ರಂದು ಸಿಂಧಿನ ಹೈದರಾಬಾದಿಗೆ ಸಮೀಪದಲ್ಲಿಯೂ ಅಮೀರರನ್ನು ಸೋಲಿಸಿದನು. ಖೈರ್ಪುರದ ಒಂದು ಭಾಗವನ್ನುಳಿದು ದೇಶವೆಲ್ಲವೂ ಕಂಪೆನಿಯ ವಶವಾಯಿತು. ನೇಪಿಯರನೇ ಅದರ ಗವರ್ನರಾದನು. ಈ ದೇಶವನ್ನು ಹಿಡಿಯಲು ತಮಗೆ ಯಾವ ಹಕ್ಕೂ ಇಲ್ಲವೆಂದು ಯುದ್ಧಕ್ಕೆ ಮೊದಲೇ ಆತನು ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದನು. ನ್ಯಾಯವಿಲ್ಲದೆ ಪಡೆದ ನಾಡಿನಲ್ಲಿ ನ್ಯಾಯವನ್ನು ನಡೆಸಬೇಕಾದ ಹೊಣೆ ಹೀಗೆ ಅವನ ಮೇಲೆ ಬಿದ್ದಿತು.

ಸಿಂಧಿನಲ್ಲಿ ಮೊದಲು ಕಾವಲೇ ಇರಲಿಲ್ಲವೆಂದು ನಾವು ಎಣಿಸಬಾರದು. ಅಲ್ಲಿ ಪಗಿ ಎಂಬ ಜಾಡುಗಾರರಿದ್ದರು. ದನವೋ ಒಂಟೆಯೋ ಕಳುವಾದರೆ ಪಗಿಯು ಮರಳಿನ ಮೇಲಿನ ಹೆಜ್ಜೆಯ ಗುರುತನ್ನು ಹಿಡಿದು ಹಲವು ಹರಿದಾರಿ ದೂರ ಹೋಗಬಲ್ಲವನಾಗಿದ್ದನು. ಜಾಡು ಒಂದು ಹಳ್ಳಿಯನ್ನು ಹೊಕ್ಕರೆ, ಅದು ಹೊರಗೆ ಹೋದುದನ್ನು ಆ ಹಳ್ಳಿಯವರು ತೋರಿಸಬೇಕು. ಇಲ್ಲವಾದರೆ ನಷ್ಟವನ್ನು ತುಂಬಿಕೊಡಬೇಕು. ಕನ್ನಡ ನಾಡಿನ ಹಳ್ಳಿಗಳಲ್ಲಿ ಇನಾಮಿನ ಹೊಲವನ್ನೂ ಕಣದ ಕಾಳನ್ನೂ ಪಡೆದು ಊರು ಕಾಯುತ್ತಿದ್ದ ತಳವಾರನನ್ನು ಬಲ್ಲವರಿಗೆ ಈ ಪದ್ಧತಿ ಅಪರಿಚಿತವೆಂದು ತೋರಲಾರದು. ಇದರಲ್ಲಿ ದೋಷಗಳೂ ಇದ್ದುವು. ತಪ್ಪು ಮಾಡದ ಊರು ದಂಡ ತೆರಬೇಕಾಗುತ್ತಿತ್ತು. ಬಲಿಷ್ಠನಾದ ಜಹಗೀರುದಾರನ ಮನೆಯ ಬಾಗಿಲಲ್ಲಿ ಜಾಡು ಮಾಸಿಹೋಗುತ್ತಿತ್ತು. ಆದರೂ ಆ ಕಾವಲುಗಾರನು ಊರಿನವನು. ಊರಿಗೆ ಉತ್ತರ ಹೇಳತಕ್ಕವನು.

ಕಂಪೆನಿಯ ಹಳೆಯ ಸೀಮೆಗಳಲ್ಲಿ ಬೇರೆ ಏರ್ಪಾಡಿತ್ತು. ಮದರಾಸು ಪ್ರಾಂತದಲ್ಲಿ 1816ರಿಂದ ಪೋಲೀಸಿನ ಅಧಿಕಾರವು ಕಲೆಕ್ಟರ ಮತ್ತು ತಹಸೀಲ್ದಾರರ ಕೈಯಲ್ಲಿತ್ತು. ಕಂದಾಯ ವಸೂಲು ಮಾಡುವವನೂ ಅಪರಾಧಿಯನ್ನು ಹಿಡಿಯುವವನೂ ಒಬ್ಬನೇ. ಇದರ ಫಲವನ್ನು 1855ರಲ್ಲಿ ಮದರಾಸಿನ ವಿಚಾರಣಾ ಸಮಿತಿಯೊಂದು ಬಯಲಿಗೆ ತಂದಿತು. ಕಂದಾಯದ ಬಾಕಿಗಾಗಿಯೂ ತಪ್ಪೊಪ್ಪಿಗೆಗಾಗಿಯೂ ರೈತರನ್ನು ಬಗ್ಗಿಸಿ ಕೊರಳಿಗೂ ಕಾಲಿಗೂ ಹಗ್ಗ ಬಿಗಿದು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರೆಂಬುದು ಆ ವರದಿಯಿಂದ ಲೋಕಕ್ಕೆ ತಿಳಿಯಿತು. ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳು ಆಗ ಈ ಪ್ರಾಂತಕ್ಕೇ ಸೇರಿದ್ದುವು.

ನೇಪಿಯರನಿಗೆ ಬೇರೊಂದು ಚಿಂತೆಯಿತ್ತು. 1839ರಿಂದ 1841ರವರೆಗೆ ಆತನು ಉತ್ತರ ಇಂಗ್ಲೆಂಡಿನಲ್ಲಿ ಸೈನ್ಯಾಧಿಪತಿಯಾಗಿದ್ದನು. ಮತದಾನದ ಹಕ್ಕನ್ನು ಕೇಳುತ್ತಿದ್ದ ಚಾರ್ಟಿಸ್ಟರೆಂಬ ಕಾರ್ಮಿಕರ ಚಳವಳಿಗೆ ಹೆದರಿ, ಊರೂರಿನ ಮ್ಯಾಜಿಸ್ಟ್ರೇಟರು ತಮಗಿಷ್ಟು ಸಿಪಾಯಿಗಳು ಬೇಕೆಂದು ಆತನನ್ನು ಕಾಡುತ್ತಿದ್ದರು. ಸೈನ್ಯವನ್ನು ಹಿಡಿಹಿಡಿಯಾಗಿ ಹಂಚಿದರೆ ಅದರ ಬಲವೂ ಶಿಸ್ತೂ ಕೆಡುವುದೆಂಬುದನ್ನು ಆತನು ಅಲ್ಲಿ ಕಂಡುಕೊಂಡನು. ಹೊಸದಾಗಿ ಗೆದ್ದ ಸಿಂಧಿನಲ್ಲಿ ಹಾಗೆ ಹಂಚುವುದು ಇನ್ನೂ ಅಪಾಯಕರವಾಗಿತ್ತು. ಸೈನ್ಯವು ಒಂದೆಡೆ ಕೂಡಿರಬೇಕು. ಹಳ್ಳಿಗಳ ಕಾವಲಿಗೆ ಬೇರೆಯೇ ಒಂದು ದಳವಿರಬೇಕು ಎಂದು ಆತನು ನಿಶ್ಚಯಿಸಿದನು.

ಆ ದಳಕ್ಕೆ ಮಾದರಿ ಯಾವುದು? ಆಗ ಬ್ರಿಟಿಷ್ ಸರ್ಕಾರದಲ್ಲಿ ಎರಡು ಮಾದರಿಗಳಿದ್ದುವು. 1829ರಲ್ಲಿ ಏರ್ಪಟ್ಟ ಲಂಡನ್ ಪೋಲೀಸಿನವನು ಬಂದೂಕವಿಲ್ಲದೆ ಬೀದಿಯಲ್ಲಿ ನಡೆಯುತ್ತಿದ್ದನು. ಸಿಪಾಯಿಯಂತೆ ಕಾಣಬಾರದೆಂದು ಅವನಿಗೆ ನೀಲಿಯ ಉಡುಪನ್ನು ಕೊಟ್ಟಿದ್ದರು. ದೂರು ಕೊಡುವವರಿಗೆ ಗುರುತು ಸಿಕ್ಕುವಂತೆ ಕೊರಳಪಟ್ಟಿಯಲ್ಲಿ ಅಂಕಿಯಿತ್ತು. 1836ರಲ್ಲಿ ಒಂದಾಗಿ ಕೂಡಿಸಲ್ಪಟ್ಟ ಐರ್ಲೆಂಡಿನ ಪೋಲೀಸು ಬೇರೆ ಬಗೆಯದು. ಅವರು ಬಂದೂಕವನ್ನು ಧರಿಸಿ ಬಿಡಾರಗಳಲ್ಲಿ ಒಟ್ಟಾಗಿ ವಾಸಿಸುತ್ತಿದ್ದರು. ಸ್ವಂತ ಜಿಲ್ಲೆಯಲ್ಲಿ ಯಾರಿಗೂ ಕೆಲಸ ಕೊಡುತ್ತಿರಲಿಲ್ಲ. ಅವರು ಉತ್ತರ ಹೇಳಬೇಕಾದುದು ಡಬ್ಲಿನ್ನಿನ ಸರ್ಕಾರಕ್ಕೆ. ಒಂದನ್ನು ಮಾಡಿದುದು ತನ್ನ ಜನರ ಒಪ್ಪಿಗೆಯನ್ನು ಬಯಸಿದ ಸರ್ಕಾರ. ಇನ್ನೊಂದನ್ನು ಮಾಡಿದುದು ಜನರ ದಂಗೆಗೆ ಹೆದರಿದ ಸರ್ಕಾರ. ನೇಪಿಯರನು ಐರ್ಲೆಂಡಿನ ಮಾದರಿಯನ್ನೇ ಆರಿಸಿಕೊಂಡನು.

ಕರಾಚಿ, ಹೈದರಾಬಾದು, ಶಿಕಾರ್ಪುರ ಎಂಬ ಮೂರು ಜಿಲ್ಲೆಗಳಲ್ಲಿಯೂ ಒಬ್ಬೊಬ್ಬ ಪೋಲೀಸು ಲೆಫ್ಟೆನೆಂಟನು ನೇಮಕವಾದನು. ಮೂವರ ಮೇಲೆಯೂ ಪೋಲೀಸು ಕ್ಯಾಪ್ಟನನೊಬ್ಬನು. ಅವನ ಮೇಲೆ ಗವರ್ನರು. ಪಟ್ಟಣದ ಕಾವಲಿಗೆ ಕೆಲವರು, ಹಳ್ಳಿಗಾಡಿಗೆ ಕಾಲಾಳುಗಳು, ದೂರದ ದಾರಿಗಳಿಗೆ ಸವಾರರು ಎಂದು ದಳವನ್ನು ವಿಂಗಡಿಸಲಾಯಿತು. ಇವರಿಗೆ ಕಂದಾಯದ ಸಂಬಂಧವಿರಲಿಲ್ಲ. ನ್ಯಾಯ ತೀರ್ಮಾನದ ಅಧಿಕಾರವೂ ಇರಲಿಲ್ಲ. ಅಪರಾಧವನ್ನು ತಡೆಯುವುದು, ಅಪರಾಧಿಯನ್ನು ಹಿಡಿದೊಪ್ಪಿಸುವುದು, ಇಷ್ಟೇ ಅವರ ಕಾರ್ಯ.

ಇದರಲ್ಲಿದ್ದ ಗುಣವನ್ನು ನಾವು ಒಪ್ಪಿಕೊಳ್ಳಲೇಬೇಕು. ಸೈನ್ಯದಿಂದಲೂ ಕಂದಾಯದಿಂದಲೂ ಪೋಲೀಸನ್ನು ಬೇರ್ಪಡಿಸಿದುದು, ಅದಕ್ಕೆ ಗೊತ್ತಾದ ಸಂಬಳವನ್ನೂ ಅದರದೇ ಆದ ಅಧಿಕಾರಿಗಳನ್ನೂ ಕೊಟ್ಟುದು ದೊಡ್ಡ ಸುಧಾರಣೆ. ಅದಕ್ಕಾಗಿಯೇ ಇತರ ಪ್ರಾಂತಗಳೂ ಅದನ್ನು ಅನುಸರಿಸಿದುವು. 1847ರಲ್ಲಿ ನೇಪಿಯರನು ಸಿಂಧನ್ನು ಬಿಟ್ಟ ಬಳಿಕ ಅದು ಮುಂಬಯಿ ಪ್ರಾಂತಕ್ಕೆ ಸೇರಿತು. 1853ರಲ್ಲಿ ಮುಂಬಯಿ ಸರ್ಕಾರವು ತನ್ನ ಪೋಲೀಸನ್ನು ಸಿಂಧಿನ ರೀತಿಯಲ್ಲಿ ತಿದ್ದಿತು. ಧಾರವಾಡ ಬೆಳಗಾವಿಗಳು ಹೀಗೆ ಈ ಏರ್ಪಾಡಿಗೆ ಒಳಪಟ್ಟುವು. ಚಿತ್ರಹಿಂಸೆಯ ವರದಿಯಿಂದ ನಾಚಿದ ಮದರಾಸು 1859ರಲ್ಲಿ ಹೊಸ ಪೋಲೀಸು ಕಾಯಿದೆಯನ್ನು ಮಾಡಿತು. ಅಷ್ಟರಲ್ಲಿ 1857ರ ದಂಗೆ ನಡೆದುಹೋಗಿತ್ತು. ದಂಗೆಯ ಭಯವು ಇನ್ನೂ ಆರದಿರುವಾಗ, 1860ರಲ್ಲಿ ಒಂದು ಆಯೋಗವು ಕುಳಿತು, 1861ರ ಐದನೆಯ ಕಾಯಿದೆಯು ಹುಟ್ಟಿತು. ಸಿಂಧಿನ ಅಚ್ಚು ಹೀಗೆ ದೇಶದ ಅಚ್ಚಾಯಿತು.

ಆದರೆ ಗುಣದ ಜೊತೆಯಲ್ಲಿ ದೋಷವೂ ಬಂದಿತು. ಹೊಸ ಪೋಲೀಸಿನವನು ಕ್ಯಾಪ್ಟನನಿಗೂ ಗವರ್ನರಿಗೂ ಉತ್ತರ ಹೇಳಬೇಕು. ತಾನು ಕಾಯುವ ಹಳ್ಳಿಗೆ ಹೇಳಬೇಕಾಗಿಲ್ಲ. ಅವನನ್ನು ನಿಲ್ಲಿಸಿದುದು ಗೆದ್ದ ನಾಡು ಕೈತಪ್ಪದಂತೆ ನೋಡುವುದಕ್ಕೆ. ರೈತನ ಎಮ್ಮೆಯನ್ನು ಹುಡುಕಿಕೊಡುವುದು ಎರಡನೆಯ ಕೆಲಸ. ಜನರು ಅವನನ್ನು ನಂಬಲಿಲ್ಲ. ಸರ್ಕಾರವಾದರೂ ನಂಬಿತೇ? ಪೋಲೀಸಿನವನ ಮುಂದೆ ಮಾಡಿದ ತಪ್ಪೊಪ್ಪಿಗೆಯು ಆರೋಪಿಯ ವಿರುದ್ಧ ಸಾಕ್ಷ್ಯವಾಗಕೂಡದೆಂದು 1861ರ ದಂಡಪ್ರಕ್ರಿಯಾ ಸಂಹಿತೆಯೂ, ಬಳಿಕ 1872ರ ಸಾಕ್ಷ್ಯದ ಕಾಯಿದೆಯೂ ವಿಧಿಸಿದುವು. ಇಂಗ್ಲೆಂಡಿನಲ್ಲಿ ಅಂಥ ನಿಷೇಧವಿರಲಿಲ್ಲ. ಬಲವಂತವಿಲ್ಲದ ಒಪ್ಪಿಗೆಯನ್ನು ಅಲ್ಲಿನ ನ್ಯಾಯಾಲಯವು ಕೇಳುತ್ತಿತ್ತು. ತಾನೇ ಕಟ್ಟಿದ ದಳದ ಮಾತನ್ನು ತನ್ನ ನ್ಯಾಯಾಲಯದಲ್ಲಿ ನಂಬಲಾರೆನೆಂದು ಇಲ್ಲಿನ ಸರ್ಕಾರವು ಕಾನೂನಿನಲ್ಲಿಯೇ ಬರೆದಿಟ್ಟಂತಾಯಿತು.

1947ರಲ್ಲಿ ಸಿಂಧ್ ಪಾಕಿಸ್ತಾನಕ್ಕೆ ಸೇರಿತು. ಎರಡು ದೇಶಗಳೂ 1861ರ ಕಾಯಿದೆಯನ್ನು ಪಿತ್ರಾರ್ಜಿತವಾಗಿ ಪಡೆದುವು. ನಮ್ಮ ರಾಜ್ಯಕ್ಕೆ 1963ರ ಪೋಲೀಸು ಕಾಯಿದೆಯು ಬಂದಿದೆ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತನಿಖೆಯನ್ನೂ ಶಾಂತಿಪಾಲನೆಯನ್ನೂ ಬೇರ್ಪಡಿಸಬೇಕೆಂದೂ, ಪೋಲೀಸಿನ ಮೇಲಿನ ದೂರುಗಳನ್ನು ಕೇಳಲು ಪ್ರಾಧಿಕಾರಗಳಿರಬೇಕೆಂದೂ ರಾಜ್ಯಗಳಿಗೆ ಆಜ್ಞೆ ಮಾಡಿತು. ಆದರೂ ತಪ್ಪೊಪ್ಪಿಗೆಯ ಆ ಹಳೆಯ ನಿಷೇಧವನ್ನು 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹಾಗೆಯೇ ಉಳಿಸಿಕೊಂಡಿದೆ. ಅದನ್ನು ತೆಗೆಯುವ ಧೈರ್ಯ ಯಾರಿಗೂ ಬಂದಿಲ್ಲ. ಬರದಿರುವುದು ಸದ್ಯಕ್ಕೆ ಸರಿಯೂ ಹೌದು.

ಕಾಯಿದೆಯ ಹೆಸರನ್ನು ಬದಲಾಯಿಸುವುದು ಸುಲಭ. ಠಾಣೆಯ ಮೆಟ್ಟಿಲನ್ನು ಹತ್ತುವ ಬಡವನು ಅಲ್ಲಿ ಕುಳಿತಿರುವವನನ್ನು ಗೆದ್ದವರ ಆಳೆಂದು ಎಣಿಸುತ್ತಾನೆಯೋ ತನ್ನ ಊರಿನ ಕಾವಲುಗಾರನೆಂದು ಎಣಿಸುತ್ತಾನೆಯೋ ಎಂಬುದನ್ನು ನೋಡಿದರೆ, ನೇಪಿಯರನ ಸಿಂಧಿನಿಂದ ನಾವು ಎಷ್ಟು ದೂರ ಬಂದಿದ್ದೇವೆಂಬುದು ತಿಳಿಯುವುದು.