ಮಣಿಕಟ್ಟಿನ ಮೇಲಣ ಭಾರ

ಬೆಳಗಿನ ಹೊತ್ತು ಓಡುವ ಅಭ್ಯಾಸವನ್ನು ಈಚೆಗೆ ಕೈಗೊಂಡಿರುವ ಓದುಗರೊಬ್ಬರು, ದೊಡ್ಡ ಗಾತ್ರದ ಸ್ಮಾರ್ಟ್‌ವಾಚನ್ನು ಕಟ್ಟಿಕೊಂಡು ವ್ಯಾಯಾಮ ಮಾಡುವಾಗ ಉಂಟಾಗುವ ಕಿರಿಕಿರಿಗೆ ಅದರ ತೂಕವೇ ಕಾರಣವೆ, ಹಾಗಿದ್ದಲ್ಲಿ ಹೆಚ್ಚಿನ ಬೆಲೆ ತೆತ್ತು ಟೈಟಾನಿಯಂ ಕವಚದ ವಾಚನ್ನು ಕೊಳ್ಳುವುದು ಉಚಿತವೆ ಎಂದು ಕೇಳಿದ್ದಾರೆ. 2015ರಲ್ಲಿ ಆಪಲ್ ಸಂಸ್ಥೆಯ ಮೊದಲ ವಾಚು ಹೊರಬಂದಾಗ ಅದರ ಕವಚ 38 ಮತ್ತು 42 ಮಿಲಿಮೀಟರುಗಳ ಎರಡು ಅಳತೆಗಳಲ್ಲಿ ದೊರೆಯುತ್ತಿತ್ತು. 2022ರಲ್ಲಿ ಬಂದ ‘ಅಲ್ಟ್ರಾ’ ಮಾದರಿಯು 49 ಮಿಲಿಮೀಟರಿಗೆ ಬೆಳೆದು, ಟೈಟಾನಿಯಂ ಮೈಯನ್ನು ಪಡೆದೂ, ಪಟ್ಟಿಯನ್ನು ಬಿಟ್ಟು ಸುಮಾರು 61 ಗ್ರಾಂ ತೂಗುತ್ತದೆ. ಲೋಹ ಹಗುರವಾದಷ್ಟೂ ಕೈಗೆ ಸುಖವೆಂಬುದು ಜಾಹೀರಾತುಗಳ ಪ್ರತಿಪಾದನೆ. ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ, ಆದರೆ ಮುಖ್ಯ ಕಾರಣ ಬೇರೆಡೆ ಇದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

60 ಕಿಲೋ ತೂಗುವ ಮನುಷ್ಯನ ಮುಂಗೈ ಮತ್ತು ಹಸ್ತಗಳೆರಡೂ ಸೇರಿ ಸುಮಾರು 1.3 ಕಿಲೋ ಆಗುತ್ತವೆ. ಅಷ್ಟನ್ನು ಹುಟ್ಟಿದಂದಿನಿಂದ ಹೊತ್ತು ತಿರುಗುವ ಭುಜಕ್ಕೆ ಮತ್ತೊಂದು 61 ಗ್ರಾಂ ದುಸ್ಸಹವಾಗಲಾರದು. ಓಡುವವನು ನಿಮಿಷಕ್ಕೆ 170 ಹೆಜ್ಜೆಯಿಟ್ಟರೆ ಒಂದೊಂದು ತೋಳೂ 85 ಬಾರಿ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತದೆ. ಮಣಿಕಟ್ಟು ಕೊನೆಯಿಂದ ಕೊನೆಗೆ 40 ಸೆಂಟಿಮೀಟರು ಚಲಿಸುವುದೆಂದು ಭಾವಿಸಿ ಲೆಕ್ಕ ಹಾಕಿದರೆ, ಪ್ರತಿ ತಿರುವಿನಲ್ಲಿಯೂ ಅದಕ್ಕೊದಗುವ ವೇಗೋತ್ಕರ್ಷವು ಭೂಮಿಯ ಗುರುತ್ವದ ಸುಮಾರು ಒಂದೂವರೆ ಪಟ್ಟಾಗುತ್ತದೆ; ಎಂದರೆ, ವಾಚನ್ನು ಕೈಯೊಡನೆ ಹಿಂದಿರುಗಿಸುವುದಕ್ಕೆ 90 ಗ್ರಾಮಿನ ಭಾರಕ್ಕೆ ಸಮನಾದ ಬಲ ಸಾಕು. ಈ ಬಲವೇನೂ ದೊಡ್ಡದಲ್ಲ. ಆದರೆ ಅದನ್ನು ಒದಗಿಸತಕ್ಕವರು ಯಾರು? ಪಟ್ಟಿಯ ಬಿಗಿತವೂ ಚರ್ಮದ ಘರ್ಷಣೆಯೂ ಅಲ್ಲದೆ ಅನ್ಯರಿಲ್ಲ.

ಎತ್ತಿನ ಗಾಡಿ ಹೊಡೆದವರಿಗೆ ಇದು ಅರಿಯದ ವಿಷಯವಲ್ಲ. ಹುರಿಹಗ್ಗದಿಂದ ಬಿಗಿದು ಕಟ್ಟಿದ ಹತ್ತು ಮೂಟೆಗಳನ್ನು ಎತ್ತುಗಳು ದಾರಿಯುದ್ದಕ್ಕೂ ನಿರಾಯಾಸವಾಗಿ ಎಳೆಯುತ್ತವೆ. ಹಗ್ಗ ಸಡಿಲಿದ್ದರೆ ಆರೇ ಮೂಟೆಗಳಾದರೂ, ಗಾಡಿ ಇಳಿಜಾರಿಗೆ ಬಂದಾಗ ಅವು ಮುಂದಕ್ಕೆ ಜಾರಿ ನೊಗವನ್ನು ಕತ್ತಿನ ಮೇಲೆ ಒತ್ತುತ್ತವೆ, ಏರಿಗೆ ಬಂದಾಗ ಹಿಂದಕ್ಕೆ ಸರಿದು ಮೂಕಿಯನ್ನೇ ಮೇಲೆತ್ತುತ್ತವೆ. ಭಾರ ಕಡಮೆಯಾಗಿದ್ದೂ ಎತ್ತಿನ ಹೆಗಲು ಹುಣ್ಣಾಗುವುದು ಈ ಓಲಾಟದಿಂದ. ಸಡಿಲವಾದ ವಾಚು ಕೂಡ ಕೈ ತಿರುಗಿದ ಮೇಲೆ ಕ್ಷಣಕಾಲ ತನ್ನ ಹಾದಿಯಲ್ಲೇ ಸಾಗಿ, ಪಟ್ಟಿ ಎಳೆದಾಗ ಜಗ್ಗನೆ ನಿಲ್ಲುತ್ತದೆ. ಇದರ ಜತೆಗೆ, ನಮ್ಮ ಮಣಿಕಟ್ಟು ದುಂಡಗಿಲ್ಲ. ಮೇಲುಭಾಗ ಚಪ್ಪಟೆಯಾದ ಅಂಡಾಕಾರ ಅದಕ್ಕಿದೆ. ಆ ಚಪ್ಪಟೆಯ ಅಗಲಕ್ಕಿಂತ ವಾಚಿನ ಉದ್ದ ಹೆಚ್ಚಾದರೆ, ಪಟ್ಟಿಯು ಚರ್ಮಕ್ಕೆ ಅಂಟಿಕೊಳ್ಳದೆ ಗಾಳಿಯಲ್ಲೇ ಕೆಳಗಿಳಿದು, ಇಕ್ಕೆಲದಲ್ಲಿಯೂ ತೆರಪುಂಟಾಗಿ, ವಾಚು ಪಕ್ಕಕ್ಕೆ ವಾಲಾಡುವುದು ಅನಿವಾರ್ಯ. ಸಣ್ಣ ಮಣಿಕಟ್ಟಿನವರಿಗೆ ದೊಡ್ಡ ವಾಚು ಒಗ್ಗದಿರುವುದರ ನಿಜವಾದ ಕಾರಣ ಇದೇ. ಲೋಹವನ್ನು ಬದಲಿಸಿದ ಮಾತ್ರಕ್ಕೆ ಈ ಜ್ಯಾಮಿತಿ ಬದಲಾಗದು.

ಓಲಾಟವೇ ಏಕೆ ಅಷ್ಟು ಬಾಧಿಸಬೇಕು ಎಂಬುದಕ್ಕೆ ಉತ್ತರವನ್ನು ಕೇಂಬ್ರಿಜ್ಜಿನ ಶರೀರವಿಜ್ಞಾನಿ ಎಡ್ಗರ್ ಏಡ್ರಿಯನ್ನನಲ್ಲಿ ಹುಡುಕಬೇಕು. ಆತನೂ ಸ್ವೀಡನ್ನಿನ ಇಂಗ್ವೆ ಜೋಟರ್‌ಮನ್ನನೂ 1926ರಲ್ಲಿ ಕಪ್ಪೆಯ ಸ್ನಾಯುವೊಂದರಿಂದ ಹೊರಡುವ ಒಂದೇ ಒಂದು ಸಂವೇದನಾ ನರತಂತುವಿನ ವಿದ್ಯುತ್ಸ್ಪಂದಗಳನ್ನು ಗುರುತುಮಾಡುವುದರಲ್ಲಿ ಕೃತಕೃತ್ಯರಾದರು. ಪ್ರಚೋದನೆ ಬಲವಾದರೂ ಸ್ಪಂದ ದೊಡ್ಡದಾಗುವುದಿಲ್ಲ, ಪದೇ ಪದೇ ಬರುತ್ತದೆ ಅಷ್ಟೆ. ಪ್ರಚೋದನೆ ಒಂದೇ ಸಮನಾಗಿ ಮುಂದುವರಿದರೆ ಸ್ಪಂದಗಳು ಕ್ರಮೇಣ ವಿರಳವಾಗುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. 1932ರಲ್ಲಿ ಏಡ್ರಿಯನ್ನನಿಗೆ ಷೆರಿಂಗ್ಟನ್ ಎಂಬ ಮತ್ತೊಬ್ಬ ಶರೀರವಿಜ್ಞಾನಿಯೊಡನೆ ನೊಬೆಲ್ ಪಾರಿತೋಷಕ ಸಂದಿತು. ಉಟ್ಟ ಬಟ್ಟೆಯ ಸ್ಪರ್ಶವನ್ನು ನಾವು ಮರೆಯುವುದು ಸ್ಪಂದಗಳು ಹೀಗೆ ವಿರಳವಾಗುವ ಗುಣದಿಂದ. ಮಣಿಕಟ್ಟಿನ ಮೇಲೆ ನಿಶ್ಚಲವಾಗಿ ಕುಳಿತ ವಾಚಿನ ವಿಷಯದಲ್ಲಿ ತ್ವಚೆಯ ನರಗಳು ಬಹುಮಟ್ಟಿಗೆ ಮೌನ ತಾಳುತ್ತವೆ; ಅಲುಗಾಡುವ ವಾಚಾದರೋ ರೋಮಮೂಲಗಳನ್ನು ಎಳೆಯುತ್ತ ಒಂದೊಂದು ತಿರುವಿನಲ್ಲಿಯೂ ಹೊಸ ವಾರ್ತೆಯನ್ನು ಕಳುಹಿಸಿ, ಮನಸ್ಸಿಗೆ ಮರೆವಿನ ಅವಕಾಶವನ್ನೇ ಕೊಡುವುದಿಲ್ಲ.

ನನಗೆ ಅತ್ಯಂತ ಸ್ವಾರಸ್ಯವಾಗಿ ತೋರುವ ಅಂಶವೆಂದರೆ, ಯಾವ ಅಲುಗಾಟ ಚರ್ಮವನ್ನು ಪೀಡಿಸುತ್ತದೆಯೋ ಅದೇ ಅಲುಗಾಟ ನಾಡಿಯ ಎಣಿಕೆಯನ್ನೂ ಕೆಡಿಸುತ್ತದೆ ಎಂಬುದು. ಬೆಳಕಿನಿಂದ ಚರ್ಮದ ರಕ್ತಸಂಚಾರವನ್ನು ಅಳೆಯುವ ವಿಧಾನವನ್ನು ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಆಲ್ರಿಕ್ ಹರ್ಟ್ಸ್‌ಮನ್ 1930ರ ದಶಕದ ಕೊನೆಯಲ್ಲಿ ರೂಪಿಸಿದನು. ಇಂದಿನ ವಾಚಿನ ಬೆನ್ನಿನಲ್ಲಿ ಮಿನುಗುವ ಹಸಿರು ದೀಪಗಳು ಅದರ ಸಂತತಿಯೇ. ರಕ್ತವು ಹಸಿರು ಬೆಳಕನ್ನು ಬಲವಾಗಿ ಹೀರುವುದರಿಂದ, ಪ್ರತಿ ಮಿಡಿತಕ್ಕೂ ಹಿಂದಿರುಗುವ ಬೆಳಕು ತುಸು ಕುಗ್ಗುತ್ತದೆ. ವಾಚು ಚರ್ಮದಿಂದ ಎದ್ದು ಕುಳಿತು ಮಾಡಿದರೆ ಆ ಸೂಕ್ಷ್ಮ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸ ಅದರಿಂದಲೇ ಉಂಟಾಗಿ, ಹೃದಯ 140 ಸಲ ಬಡಿಯುತ್ತಿರುವಾಗ ತೆರೆಯ ಮೇಲೆ ಹೆಜ್ಜೆಯ 170 ಮೂಡುವುದುಂಟು.

ಹಾಗೆಂದು ಮಿತಿಮೀರಿ ಬಿಗಿಯಲಾಗದು. ಯೂಜೀನ್ ಲ್ಯಾಂಡಿಸ್ ಎಂಬ ಶರೀರವಿಜ್ಞಾನಿ 1930ರಲ್ಲಿ ಉಗುರಿನ ಬುಡದ ಲೋಮನಾಳಗಳೊಳಕ್ಕೆ ಅತಿ ಸೂಕ್ಷ್ಮವಾದ ಗಾಜಿನ ನಳಿಕೆಯನ್ನು ತೂರಿಸಿ, ರಕ್ತ ಒಳಬರುವ ಕೊನೆಯಲ್ಲಿ ಸುಮಾರು 32 ಮಿಲಿಮೀಟರು, ಹೊರಹೋಗುವ ಕೊನೆಯಲ್ಲಿ ಸುಮಾರು 12 ಮಿಲಿಮೀಟರು ಪಾದರಸದ ಒತ್ತಡವನ್ನು ಕಂಡನು. ಅದನ್ನು ಮೀರಿ ಒತ್ತಿದರೆ ಅಳೆಯಬೇಕಾದ ರಕ್ತವೇ ಅಲ್ಲಿಂದ ಸರಿಯುತ್ತದೆ. ಅಗಲವಾದ ಮೃದುವಾದ ಪಟ್ಟಿಯು ಅದೇ ಬಿಗಿತವನ್ನು ಹೆಚ್ಚು ಕ್ಷೇತ್ರಕ್ಕೆ ಹಂಚುವುದರಿಂದ, ಟೈಟಾನಿಯಮ್ಮಿಗೆ ತೆರುವ ಹಣದ ಅಲ್ಪಾಂಶವನ್ನು ಒಳ್ಳೆಯ ಪಟ್ಟಿಗೆ ವ್ಯಯಿಸುವುದು ಲೇಸೆಂದು ನಾನು ಹೇಳುವೆನು. ಪಟ್ಟಿ ಎಂತಹುದಾದರೂ, ಒದ್ದೆಯಾದ ಚರ್ಮ ಒಣಚರ್ಮಕ್ಕಿಂತ ಹೆಚ್ಚು ಉಜ್ಜಿಕೊಳ್ಳುತ್ತದೆ. ಬೆವರು ಪಟ್ಟಿಯಡಿ ನಿಂತರೆ ಕೆರೆತ ತಪ್ಪದು. ‘ಫಿಟ್‌ಬಿಟ್ ಫೋರ್ಸ್’ ಎಂಬ, ಚಟುವಟಿಕೆಯನ್ನು ಎಣಿಸುವ ಕೈಪಟ್ಟಿಯನ್ನು 2014ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದುದು ಧರಿಸಿದವರ ಚರ್ಮದ ಉರಿಯ ದೂರಿನಿಂದಲೇ.

ದಂಡ ಹೊಡೆಯುವವರಿಗೂ ಸೂರ್ಯನಮಸ್ಕಾರ ಮಾಡುವವರಿಗೂ ತೊಂದರೆ ಬೇರೆ ತೆರನಾದುದು: ಅಂಗೈ ನೆಲಕ್ಕೂರಿ ಮಣಿಕಟ್ಟು ಹೆಚ್ಚುಕಡಮೆ ಲಂಬವಾಗಿ ಬಾಗಿದಾಗ ದೊಡ್ಡ ವಾಚಿನ ಅಂಚೂ ಗುಂಡಿಯೂ ಕೈಯ ಹಿಂಬದಿಗೆ ನಾಟುತ್ತವೆ. ಕಿರುಬೆರಳ ಕಡೆಯ ಎಲುಬಿನ ಗಂಟಿನಿಂದ ಎರಡು ಬೆರಳಿನಷ್ಟು ಮೇಲಕ್ಕೆ, ಮಾಂಸಲವಾದ ಮುಂಗೈಗೆ ವಾಚನ್ನು ಸರಿಸಿಕೊಂಡರೆ ಈ ನೋವೂ ತಪ್ಪುತ್ತದೆ, ಓಲಾಟವೂ ತಗ್ಗುತ್ತದೆ. ಅಷ್ಟಾದರೂ ಒಗ್ಗದವರು, ಫಿನ್ಲೆಂಡಿನ ಪೋಲಾರ್ ಸಂಸ್ಥೆ 1982ರಷ್ಟು ಹಿಂದೆಯೇ ಪ್ರಚುರಪಡಿಸಿದ ಎದೆಪಟ್ಟಿಯನ್ನು ಕಟ್ಟಿಕೊಂಡು, ವಾಚನ್ನು ಜೇಬಿಗೆ ಹಾಕಿಕೊಳ್ಳಬಹುದು. ಹೃದಯದ ವಿದ್ಯುತ್ತನ್ನು ನೇರವಾಗಿ ಗ್ರಹಿಸುವ ಆ ಸಾಧನಕ್ಕೆ ಕೈಯ ಬೀಸಾಟದ ಗೊಡವೆಯಿಲ್ಲ.