ಅರಿಶಿನ ಔಷಧಕ್ಕೆ ಜೊತೆ, ಬದಲಿಯಲ್ಲ

ಅರಿಶಿನದ ಬಗ್ಗೆ ನಮ್ಮಲ್ಲಿ ಎರಡು ಅತಿರೇಕಗಳಿವೆ. ಅದರಿಂದ ವಾಸಿಯಾಗದ ಕಾಯಿಲೆಯೇ ಇಲ್ಲವೆಂಬ ಭಕ್ತಿ ಒಂದು. ಅದು ಬರೀ ಅಜ್ಜಿಯ ಮದ್ದು ಎಂಬ ಉಪೇಕ್ಷೆ ಇನ್ನೊಂದು. ದೊಡ್ಡ ಕರುಳಿನಲ್ಲಿ ಹುಣ್ಣಾಗಿ, ರಕ್ತಮಿಶ್ರಿತ ಭೇದಿಯಿಂದ ವರ್ಷಗಟ್ಟಲೆ ಬಳಲಿಸುವ ಅಲ್ಸರೇಟಿವ್ ಕೊಲೈಟಿಸ್ ಎಂಬ ಉರಿಯೂತದ ವಿಷಯದಲ್ಲಿ ಎರಡೂ ನಿಲುವುಗಳು ತಪ್ಪೆಂಬುದಕ್ಕೆ ಈಗ ಪುರಾವೆಗಳಿವೆ.

ಇದು ಶ್ರೀಮಂತ ರಾಷ್ಟ್ರಗಳ ಕಾಯಿಲೆ ಎಂಬ ಭಾವನೆ ಬಹುಕಾಲ ಇತ್ತು. 2003ರಲ್ಲಿ ಪ್ರಕಟವಾದ ಪಂಜಾಬಿನ ಸಮೀಕ್ಷೆಯೊಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಈ ರೋಗವಿರುವುದನ್ನು ತೋರಿಸಿ ಆ ಭಾವನೆಯನ್ನು ಅಲುಗಾಡಿಸಿತು. ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಒಳಪದರದ ಮೇಲೆ ತಿರುಗಿಬೀಳುವುದು ಇದರ ಲಕ್ಷಣ. ಆಗ ಬಿಳಿ ರಕ್ತಕಣಗಳು ಸೂಸುವ ಉತ್ಕರ್ಷಕ ಅಣುಗಳು ಅಂಗಾಂಶವನ್ನು ಸುಡುತ್ತವೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಈ ಅಣುಗಳನ್ನು ತಟಸ್ಥಗೊಳಿಸಬಲ್ಲದು. ಉರಿಯೂತವನ್ನು ಹೊತ್ತಿಸುವ ಜೀವಕೋಶದ ಸಂಕೇತಗಳನ್ನೂ ತಗ್ಗಿಸಬಲ್ಲದು. ಆದರೆ ಇದು ಪ್ರಯೋಗಶಾಲೆಯ ಮಾತು. ರೋಗಿಯ ಕರುಳಿನಲ್ಲಿ ಏನಾಗುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಜಪಾನಿನ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 89 ರೋಗಿಗಳಿದ್ದರು. ಎಲ್ಲರಿಗೂ ಎಂದಿನ ಔಷಧ ಮುಂದುವರಿಯಿತು. ಒಂದು ಗುಂಪಿಗೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್, ಇನ್ನೊಂದಕ್ಕೆ ಹುಸಿಮಾತ್ರೆ. ಆರು ತಿಂಗಳಲ್ಲಿ ರೋಗ ಮರುಕಳಿಸಿದ್ದು ಮೊದಲ ಗುಂಪಿನ 43 ಮಂದಿಯಲ್ಲಿ ಇಬ್ಬರಿಗೆ, ಎರಡನೆಯದರ 39 ಮಂದಿಯಲ್ಲಿ ಎಂಟು ಜನರಿಗೆ. ಇಸ್ರೇಲಿ ವೈದ್ಯರ ನೇತೃತ್ವದ 2015ರ ಅಧ್ಯಯನದಲ್ಲಿ, ಮೆಸಲಮೀನ್ ಔಷಧದ ಜೊತೆ ದಿನಕ್ಕೆ 3 ಗ್ರಾಂ ಪಡೆದ 26 ರೋಗಿಗಳಲ್ಲಿ 14 ಮಂದಿಗೆ ನಾಲ್ಕು ವಾರಗಳಲ್ಲಿ ರೋಗ ಶಮನವಾಯಿತು. ಹುಸಿಮಾತ್ರೆ ಪಡೆದ 24 ಮಂದಿಯಲ್ಲಿ ಒಬ್ಬರಿಗೂ ಆಗಲಿಲ್ಲ. ಆದರೆ ದೆಹಲಿಯ ಏಮ್ಸ್ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 450 ಮಿಲಿಗ್ರಾಂ ಕೊಟ್ಟಾಗ ಹುಸಿಮಾತ್ರೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಲೆಕ್ಕ ಮುಖ್ಯವೆನಿಸುತ್ತದೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸರಾಸರಿ ಶೇ 3ರಷ್ಟು. 2 ಗ್ರಾಂ ಬೇಕಾದರೆ 65 ಗ್ರಾಂನಷ್ಟು ಪುಡಿ ನುಂಗಬೇಕು! ಬೇಳೆ ಬೇಯಿಸುವಾಗ ಹಾಕುವ ಚಿಟಿಕೆ ಅರಿಶಿನ ಆಹಾರವೇ ಹೊರತು ಚಿಕಿತ್ಸೆಯಲ್ಲ.

ಹಾಗೆಂದು ಅಂಗಡಿಯ ಗುಳಿಗೆಗಳಿಗೆ ಮೊರೆಹೋಗುವುದೂ ವಿವೇಕವಲ್ಲ. ಮೆಣಸಿನ ಪೈಪರೀನ್ ಜೊತೆಗಿದ್ದರೆ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಸುಮಾರು ಇಪ್ಪತ್ತು ಪಟ್ಟು ಹೆಚ್ಚುತ್ತದೆಂದು ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರೇ, ಅದು 1998ರಲ್ಲಿ. ಇಂದು ಮಾರುಕಟ್ಟೆಯಲ್ಲಿ ಇಂಥ ಮಿಶ್ರಣಗಳು ಬೇಕಾದಷ್ಟಿವೆ. ಆದರೆ ಅರಿಶಿನದ ಸಾಂದ್ರ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಅಮೆರಿಕ, ಇಟಲಿಗಳಲ್ಲಿ ದಾಖಲಾಗಿವೆ. ದೊಡ್ಡ ಕರುಳಿನ ರೋಗಿಗೆ ಬೇಕಾದದ್ದು ಕರುಳಿಗೆ ತಲುಪುವ ಅಂಶವೇ ವಿನಾ ರಕ್ತಕ್ಕೆ ಸೇರುವುದಲ್ಲ.

ಪರಿಚಿತರೊಬ್ಬರ ಮಗ, ಕಾಲೇಜು ವಿದ್ಯಾರ್ಥಿ, ಸಸ್ಯಮೂಲದ ಮದ್ದಿದ್ದರೆ ಸಾಕೆಂದು ಯಾರೋ ಹೇಳಿದ ಮಾತು ನಂಬಿ ವೈದ್ಯರು ಕೊಟ್ಟ ಮಾತ್ರೆಗಳನ್ನು ನಿಲ್ಲಿಸಿದ. ನಾಲ್ಕು ತಿಂಗಳಲ್ಲಿ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಬೇಕಾಯಿತು. ಮೇಲೆ ಹೇಳಿದ ಎರಡು ಯಶಸ್ವಿ ಪ್ರಯೋಗಗಳಲ್ಲೂ ಮೂಲ ಔಷಧವನ್ನು ಬಿಟ್ಟಿರಲಿಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನು ಸರ್ಕಾರದ ಹೊಣೆ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ನೀಡಿದ್ದ ಪೇಟೆಂಟನ್ನು ನಮ್ಮ ಸಿಎಸ್‌ಐಆರ್ ಪ್ರಶ್ನಿಸಿ 1997ರಲ್ಲಿ ರದ್ದುಪಡಿಸಿತು. ಅದು ನ್ಯಾಯವಾದ ಗೆಲುವು. ಆದರೆ ಯಾರ ಸ್ವತ್ತೂ ಅಲ್ಲದ ವಸ್ತುವಿನ ಮೇಲೆ ಕೋಟಿಗಟ್ಟಲೆ ಸುರಿದು ದೊಡ್ಡ ಪ್ರಯೋಗ ನಡೆಸಲು ಖಾಸಗಿ ಕಂಪನಿಗೆ ಲಾಭದ ಆಸೆ ಉಳಿಯುವುದಿಲ್ಲ. ಮಾರುಕಟ್ಟೆ ಕೈಬಿಟ್ಟ ಇಂಥ ಸಾರ್ವಜನಿಕ ಹಿತವನ್ನು ಕೈಗೆತ್ತಿಕೊಳ್ಳಬೇಕಾದುದು ಪ್ರಭುತ್ವ. 2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ಅರಿಶಿನ ಮಂಡಳಿ ರಫ್ತಿನ ಅಂಕಿಅಂಶಗಳಿಗೇ ತೃಪ್ತಿಪಡದೆ, ಹಲವು ಆಸ್ಪತ್ರೆಗಳಲ್ಲಿ ನೂರಾರು ರೋಗಿಗಳನ್ನೊಳಗೊಂಡ ಪ್ರಯೋಗಕ್ಕೆ ಹಣ ಒದಗಿಸಲಿ. ಗುಳಿಗೆಯ ಡಬ್ಬಿಯ ಮೇಲೆ ಕರ್ಕ್ಯುಮಿನ್ ಪ್ರಮಾಣ ಮತ್ತು ಯಕೃತ್ತಿನ ಕುರಿತ ಎಚ್ಚರಿಕೆ ಸ್ಪಷ್ಟವಾಗಿ ಇರುವಂತೆ ಸರ್ಕಾರ ನೋಡಿಕೊಳ್ಳಲಿ.

ಅಲ್ಲಿಯವರೆಗೆ ರೋಗಿಗಳು ಪಾಲಿಸಬೇಕಾದ ನಿಯಮ ಸರಳ: ಅಡುಗೆಯ ಅರಿಶಿನ ಎಂದಿನಂತೆ ಇರಲಿ, ಸಾಂದ್ರ ಗುಳಿಗೆ ಬೇಕೆನಿಸಿದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಿಯೇ ಸೇವಿಸಲಿ, ಅವರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಸ್ವಂತ ನಿರ್ಧಾರದಿಂದ ನಿಲ್ಲಿಸದಿರಲಿ.